ಎಚ್‌ಐವಿ ಮಾತ್ರೆಯ ಕಂಪನಿ ಬದಲಾದ್ರೆ ಏನು ನೋಡ್ಬೇಕು, ಯಾವುದಕ್ಕೆ ಹೆದರಬೇಕಿಲ್ಲ

ವರ್ಷಗಟ್ಟಲೆ ಒಂದೇ ಮಾತ್ರೆ ನುಂಗ್ತಾ ಬಂದಿರ್ತೀರ, ಒಂದಿನ ಔಷಧ ಕೊಡೋರು ಬೇರೆ ಬಾಟಲಿ ಕೈಗಿಡ್ತಾರೆ. ಹೆಸರು ಬೇರೆ, ಬಣ್ಣ ಬೇರೆ, ಮಾತ್ರೆ ಸ್ವಲ್ಪ ದಪ್ಪ, ಕೇಳಿದ್ರೆ "ಅದೇ ಇದು, ಕಂಪನಿ ಬೇರೆ ಅಷ್ಟೇ" ಅಂತಾರೆ. ಜ್ವರದ ಮಾತ್ರೆ ಆಗಿದ್ರೆ ಯಾರೂ ತಲೆ ಕೆಡಿಸ್ಕೊಳ್ತಿರಲಿಲ್ಲ. ಆದ್ರೆ ಎಚ್‌ಐವಿ ಔಷಧ ಶುರು ಮಾಡೋ ದಿನಾನೇ ಡಾಕ್ಟರು, ಕೌನ್ಸೆಲರು ಎಲ್ಲಾ ಹೇಳಿರೋದು ಒಂದೇ ಮಾತು, ಡೋಸ್ ತಪ್ಪಿಸ್ಬೇಡಿ, ತಪ್ಪಿಸಿದ್ರೆ ವೈರಸ್ಸಿಗೆ ರೆಸಿಸ್ಟೆನ್ಸ್ ಬರತ್ತೆ, ಅಂದ್ರೆ ಔಷಧ ಅದ್ರ ಮೇಲೆ ಕೆಲಸ ಮಾಡಲ್ಲ ಅಂತ. ಅಷ್ಟು ಜೋಪಾನವಾಗಿ ನಡೆಸ್ಕೊಂಡು ಬಂದಿರೋ ಚಿಕಿತ್ಸೆಯಲ್ಲಿ ಮಾತ್ರೆನೇ ಬದಲಾಗ್ಬಿಟ್ರೆ ಎದೆ ಧಸಕ್ ಅನ್ನೋದು ಸಹಜ. ಆ ಭಯಾನ "ಸುಮ್ನೆ ನುಂಗಿ" ಅಂತ ತಳ್ಳಿ ಹಾಕೋದು ನನಗೆ ಸರಿ ಅನ್ಸಲ್ಲ, ಒಳಗೆ ಏನಿದೆ ಅಂತ ಬಿಡಿಸಿ ಹೇಳಿದ್ರೆ ಭಯದಲ್ಲಿ ಮುಕ್ಕಾಲು ಪಾಲು ತಾನಾಗೇ ಹೋಗತ್ತೆ, ಉಳಿದ ಕಾಲು ಪಾಲು ನಿಜಕ್ಕೂ ಗಮನ ಕೊಡ್ಬೇಕಾದ ವಿಷ್ಯ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಅದೇ ಔಷಧಗಳು, ಅದೇ ಪ್ರಮಾಣ, ಸರಿಯಾಗಿ ಪರೀಕ್ಷೆ ಆಗಿರೋ ಕಂಪನಿ ಅಂದ್ರೆ ಒಂದು ಜೆನೆರಿಕ್‌ನಿಂದ (ಮೂಲ ಕಂಪನಿ ಅಲ್ಲದೆ ಬೇರೆ ಕಂಪನಿ ಮಾಡೋ ಅದೇ ಔಷಧ) ಇನ್ನೊಂದಕ್ಕೆ ಹೋಗೋದ್ರಿಂದ ಚಿಕಿತ್ಸೆ ಹಾಳಾಗಲ್ಲ. ಹಾಳಾಗೋದು ಹೆದರ್ಕೊಂಡು ನಾಲ್ಕು ದಿನ ಮಾತ್ರೆ ಬಿಟ್ಟಾಗ, ಇಲ್ಲಾ ಕಂಪನಿ ಮಾತ್ರ ಬದಲಾಗಿದೆ ಅಂದ್ಕೊಂಡು ಬೇರೇನೇ ಕಾಂಬಿನೇಷನ್ ನುಂಗ್ತಾ ಹೋದಾಗ.

ಕಾಂಬಿನೇಷನ್ ಅಂದ್ರೆ ಒಂದೇ ಮಾತ್ರೆಯಲ್ಲಿ ಎರಡು ಅಥವಾ ಮೂರು ಔಷಧ ಸೇರಿಸಿರೋದು. ಈಗ ಪ್ರಪಂಚದ ತುಂಬಾ ಕಡೆ ಹೆಚ್ಚು ಜನ ತಗೋಳ್ತಿರೋದು ಟಿಎಲ್‌ಡಿ, ಅಂದ್ರೆ ಟೆನೋಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನ ಮೊದಲ ಆಯ್ಕೆ ಅಂತ ಗಟ್ಟಿ ಮಾಡ್ತು, ಅದಕ್ಕೂ ಮುಂಚೆ ಡೊಲುಟೆಗ್ರಾವಿರ್ ಜಾಗದಲ್ಲಿ ಎಫಾವಿರೆಂಜ್ ಇರೋ ಟಿಎಲ್‌ಇ ನಡೀತಿತ್ತು. ಇಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷ್ಯ ಇದೆ. ಟಿಎಲ್‌ಡಿಗೆ "ಒರಿಜಿನಲ್ ಬ್ರ್ಯಾಂಡ್" ಮಾತ್ರೆ ಅಂತ ಒಂದು ಇಲ್ಲವೇ ಇಲ್ಲ. ಟೆನೋಫೊವಿರ್ ಗಿಲಿಯಡ್ ಕಂಪನಿದು, ಲ್ಯಾಮಿವುಡಿನ್ ಗ್ಲ್ಯಾಕ್ಸೊದು, ಡೊಲುಟೆಗ್ರಾವಿರ್ ವೀವ್ ಕಂಪನಿದು, ಮೂರನ್ನೂ ಒಂದೇ ಮಾತ್ರೆಗೆ ಸೇರಿಸಿದ್ದು ಜೆನೆರಿಕ್ ಕಂಪನಿಗಳೇ. ಡೊಲುಟೆಗ್ರಾವಿರ್‌ಗೆ 2014ರಲ್ಲಿ ಮೆಡಿಸಿನ್ಸ್ ಪೇಟೆಂಟ್ ಪೂಲ್ (ಪೇಟೆಂಟ್ ಇರೋ ಔಷಧಗಳನ್ನ ಬೇರೆ ಕಂಪನಿಗಳೂ ಮಾಡೋಕೆ ಅನುಮತಿ ಕೊಡಿಸೋ ಸಂಸ್ಥೆ) ಮೂಲಕ ಲೈಸೆನ್ಸ್ ಸಿಕ್ಕಿದ ಮೇಲೆ ಹಲವು ಕಂಪನಿಗಳು ಈ ಮೂರನ್ನ ಕೂಡಿಸಿ ಮಾಡೋಕೆ ಶುರು ಮಾಡಿದ್ವು. 2001ರಲ್ಲಿ ಸಿಪ್ಲಾ ಮಾಡಿದ್ದೂ ಅದನ್ನೇ, ಮೂರು ಬೇರೆ ಬೇರೆ ಕಂಪನಿಗಳ ಔಷಧ ಸೇರಿಸಿ ಟ್ರಯೋಮ್ಯೂನ್ ಅಂತ ಒಂದೇ ಮಾತ್ರೆ. ಆಗ ದಿನಕ್ಕೆ ಹಿಡಿ ತುಂಬಾ ಮಾತ್ರೆ ನುಂಗ್ತಿದ್ದ ಕಾಲ. ಹಾಗಾಗಿ ಎಚ್‌ಐವಿ ಚಿಕಿತ್ಸೆಯಲ್ಲಿ ಜೆನೆರಿಕ್ ಅಂದ್ರೆ ಎರಡನೇ ದರ್ಜೆ ಮಾಲು ಅನ್ನೋ ಭಾವನೆ ನನಗೆ ಅನ್ಯಾಯ ಅನ್ಸತ್ತೆ, ಕೋಟಿಗಟ್ಟಲೆ ಜನ ಇವತ್ತು ಬದುಕಿರೋದೇ ಈ ಮಾತ್ರೆಗಳಿಂದ.

ಸರಿ, ಹೊಸ ಬಾಟಲಿ ಕೈಗೆ ಬಂತು, ಏನು ಓದಬೇಕು? ದೊಡ್ಡಕ್ಷರದಲ್ಲಿರೋ ಬ್ರ್ಯಾಂಡ್ ಹೆಸರನ್ನ ಪಕ್ಕಕ್ಕಿಡಿ, "ಪ್ರತಿ ಮಾತ್ರೆಯಲ್ಲಿ ಇರುವುದು" ಅಂತ ಸಣ್ಣಕ್ಷರದಲ್ಲಿರೋ ಸಾಲುಗಳನ್ನ ಓದಿ. ಹಳೇ ಬಾಟಲಿ ಪಕ್ಕದಲ್ಲಿಟ್ಕೊಂಡು ಔಷಧದ ಹೆಸರು ಒಂದೊಂದಾಗಿ ಹೋಲಿಸಿ, ಆಮೇಲೆ ಮಿಲಿಗ್ರಾಂ ಹೋಲಿಸಿ. ಮಿಲಿಗ್ರಾಂನಲ್ಲಿ ಜನ ಗಾಬರಿ ಆಗೋ ಜಾಗ ಒಂದಿದೆ. ಹಳೇದ್ರಲ್ಲಿ ಟೆನೋಫೊವಿರ್ 300 ಇತ್ತು, ಹೊಸದ್ರಲ್ಲಿ 245 ಅಂತಿದೆ, ಔಷಧ ಕಮ್ಮಿ ಮಾಡ್ಬಿಟ್ರು ಅಂತ. ಕಮ್ಮಿ ಮಾಡಿಲ್ಲ. ಟಿಎಲ್‌ಡಿಯಲ್ಲಿರೋ ಟೆನೋಫೊವಿರ್‌ನ ಪೂರ್ತಿ ಹೆಸರು ಟೆನೋಫೊವಿರ್ ಡಿಸೊಪ್ರಾಕ್ಸಿಲ್, ಅದು ಒಂದು ಲವಣದ ರೂಪದಲ್ಲಿ ಮಾತ್ರೆ ಸೇರತ್ತೆ, ಫ್ಯೂಮರೇಟ್ ಅನ್ನೋ ಭಾಗದ ತೂಕಾನೂ ಸೇರಿಸಿ ಬರೆದ್ರೆ 300, ಅದನ್ನ ಬಿಟ್ಟು ಬರೆದ್ರೆ 245, ಅದ್ರೊಳಗಿನ ಟೆನೋಫೊವಿರ್ ಮಾತ್ರ ಲೆಕ್ಕ ಹಾಕಿದ್ರೆ 136. ಮೂರೂ ಒಂದೇ ಮಾತ್ರೆಯ ಮೂರು ಲೆಕ್ಕ. ಯೂರೋಪಿನಲ್ಲಿ ಸಿಗೋ ಕೆಲವು ಜೆನೆರಿಕ್‌ಗಳಲ್ಲಿ ಫ್ಯೂಮರೇಟ್ ಬದಲು ಮೇಲಿಯೇಟ್, ಫಾಸ್ಫೇಟ್, ಸಕ್ಸಿನೇಟ್ ಇರೋದೂ ಉಂಟು, ಅಲ್ಲೂ 245 ಅನ್ನೋ ಸಂಖ್ಯೆ ಬದಲಾಗಲ್ಲ, ಹೊಟ್ಟೆಗೆ ಹೋದ ಮೇಲೆ ಲವಣದ ಭಾಗ ಬೇರೆಯಾಗಿ ಕೆಲಸ ಮಾಡೋ ಔಷಧ ಅದೇ ಉಳಿಯತ್ತೆ. ಡೊಲುಟೆಗ್ರಾವಿರ್ ಸೋಡಿಯಂ 52.6 ಅಂತ ಬರೆದಿದ್ರೆ ಅದು 50 ಡೊಲುಟೆಗ್ರಾವಿರ್, ಅಬಾಕವಿರ್ ಅನ್ನೋ ಇನ್ನೊಂದು ಎಚ್‌ಐವಿ ಔಷಧದಲ್ಲೂ ಹಾಗೇ, ಅಬಾಕವಿರ್ ಸಲ್ಫೇಟ್ 702 ಅಂದ್ರೆ 600 ಅಬಾಕವಿರ್.

ಬಣ್ಣ, ಆಕಾರ, ರುಚಿ, ಸೈಜು ಇವೆಲ್ಲಾ ಬದಲಾಗೋದು ಔಷಧ ಅಲ್ಲದ ಸಾಮಗ್ರಿಗಳಿಂದ. ಮಾತ್ರೆ ಒಟ್ಟಾಗಿ ಹಿಡ್ಕೊಳ್ಳೋಕೆ, ಹೊಟ್ಟೆಯಲ್ಲಿ ಒಡೆಯೋಕೆ, ಮಷೀನಿಗೆ ಅಂಟದೇ ಇರೋಕೆ, ಮೇಲೆ ಕೋಟಿಂಗ್ ಕೊಡೋಕೆ ಅಂತ ಸೆಲ್ಯುಲೋಸ್, ಲ್ಯಾಕ್ಟೋಸ್ ಅಥವಾ ಮ್ಯಾನಿಟಾಲ್, ಮೆಗ್ನೀಷಿಯಂ ಸ್ಟಿಯರೇಟ್, ಐರನ್ ಆಕ್ಸೈಡ್ ಬಣ್ಣ ಹೀಗೆ ಹಾಕ್ತಾರೆ, ಒಂದೊಂದು ಕಂಪನಿದು ಒಂದೊಂದು ಲೆಕ್ಕ. ಇವು ವೈರಸ್ಸಿಗೆ ಏನೂ ಮಾಡಲ್ಲ. ಯಾವುದಾದ್ರೂ ಒಂದು ಸಾಮಗ್ರಿಗೆ ಅಲರ್ಜಿ ಇದೆ ಅಂತ ಮುಂಚೆನೇ ಗೊತ್ತಿರೋರು ಮಾತ್ರ ಪಟ್ಟಿ ಓದ್ಬೇಕು, ಲ್ಯಾಕ್ಟೋಸ್ ಆಗದವರಲ್ಲೂ ಒಂದು ಮಾತ್ರೆಯಲ್ಲಿರೋ ಅಷ್ಟು ಚೂರಿಗೆ ಹೆಚ್ಚಿನವರಿಗೆ ತೊಂದರೆ ಆಗಲ್ಲ.

ಈಗ ಮುಖ್ಯ ಪ್ರಶ್ನೆ. ಔಷಧ ಅದೇ ಇದ್ರೂ ಅದು ರಕ್ತಕ್ಕೆ ಅಷ್ಟೇ ಸೇರತ್ತೆ ಅಂತ ಹೆಂಗೆ ನಂಬೋದು? ಇದಕ್ಕೆ ಬಯೋಈಕ್ವಿವಲೆನ್ಸ್ ಅಂತ ಒಂದು ಪರೀಕ್ಷೆ ಇದೆ. ಸಾಮಾನ್ಯವಾಗಿ ಕೆಲವು ಡಜನ್ ಆರೋಗ್ಯವಂತ ಸ್ವಯಂಸೇವಕರನ್ನ ತಗೊಂಡು, ಒಂದ್ಸಲ ಮೂಲ ಔಷಧ ಕೊಟ್ಟು ಒಂದ್ಸಲ ಜೆನೆರಿಕ್ ಕೊಟ್ಟು, ನಡುವೆ ಮೊದಲನೇದು ಮೈಯಿಂದ ಪೂರ್ತಿ ಹೋಗೋಷ್ಟು ದಿನ ಬಿಟ್ಟು, ಪ್ರತಿ ಸಲಾನೂ ಮಾತ್ರೆ ನುಂಗಿದ ಮೇಲೆ ಗಂಟೆ ಗಂಟೆಗೂ ರಕ್ತ ತೆಗೆದು ನೋಡ್ತಾರೆ. ಅವರಿಗೆ ಬೇಕಾಗಿರೋದು ಎರಡು ಅಳತೆ, ಔಷಧದ ಮಟ್ಟ ಗರಿಷ್ಠ ಎಷ್ಟಕ್ಕೆ ಏರ್ತು ಅನ್ನೋದು ಒಂದು, ಒಟ್ಟಾರೆ ಎಷ್ಟು ಔಷಧ ದೇಹಕ್ಕೆ ಸಿಕ್ತು ಅನ್ನೋದು ಇನ್ನೊಂದು. ಟಿಎಲ್‌ಡಿಯಲ್ಲಿ ಮೂರು ಔಷಧ ಇರೋದ್ರಿಂದ ಒಟ್ಟು ಆರು ಅಳತೆ, ಆರರಲ್ಲೂ ಪಾಸಾಗ್ಬೇಕು. ಟಿಎಲ್‌ಡಿಗೆ ಮೂಲ ಮಾತ್ರೆ ಇಲ್ಲ ಅಂದೆನಲ್ಲ, ಅಲ್ಲಿ ಹೋಲಿಕೆ ನಡೆಯೋದು ಮೂರು ಮೂಲ ಔಷಧಗಳನ್ನ ಬೇರೆ ಬೇರೆಯಾಗಿ ಒಟ್ಟಿಗೆ ಕೊಟ್ಟಾಗಿನ ಮಟ್ಟದ ಜೊತೆ.

ಪಾಸಾಗೋದು ಅಂದ್ರೆ ಏನು ಅನ್ನೋದ್ರಲ್ಲೇ ದೊಡ್ಡ ತಪ್ಪು ತಿಳುವಳಿಕೆ ಇದೆ. ಮೂಲ ಔಷಧದ ಮಟ್ಟ 100 ಅಂತಿಟ್ಕೊಂಡ್ರೆ 80ರಿಂದ 125 ಪರ್ಸೆಂಟ್ ಅನ್ನೋ ಸಂಖ್ಯೆ ಕೇಳಿರ್ತೀರ, ಅದನ್ನ ಕೇಳಿದವರೆಲ್ಲಾ ಜೆನೆರಿಕ್‌ನಲ್ಲಿ ಔಷಧ 20 ಪರ್ಸೆಂಟ್ ಕಮ್ಮಿ ಇದ್ರೂ ನಡೆಯತ್ತಂತೆ, ಒಂದು ಕಂಪನಿದು 80 ಇನ್ನೊಂದು ಕಂಪನಿದು 125 ಆದ್ರೆ ಗತಿ ಏನು ಅಂತ ಕೇಳ್ತಾರೆ. ಮೊದಲನೇದಾಗಿ ಅದು ಮಾತ್ರೆಯೊಳಗಿನ ಔಷಧದ ತೂಕದ ಬಗ್ಗೆ ಅಲ್ಲ, ಅದಕ್ಕೆ ಬೇರೆ, ಇದಕ್ಕಿಂತ ಬಿಗಿಯಾದ ಮಿತಿ ಇದೆ. ಎರಡನೇದು, ಸರಾಸರಿ 80 ಬಂದ್ರೆ ಪಾಸು ಅಂತ ಅರ್ಥ ಅಲ್ಲ. ಪರೀಕ್ಷೆಯಲ್ಲಿ ಸಿಕ್ಕ ಸರಾಸರಿಯ ಅಕ್ಕಪಕ್ಕ ಒಂದು ಅನಿಶ್ಚಿತತೆಯ ಪಟ್ಟಿ, ಅಂದ್ರೆ ನಿಜವಾದ ಸಂಖ್ಯೆ ಇಷ್ಟರಿಂದ ಇಷ್ಟರೊಳಗೆ ಇರಬಹುದು ಅನ್ನೋ ವ್ಯಾಪ್ತಿ ಇರತ್ತೆ, ಸಂಖ್ಯಾಶಾಸ್ತ್ರದಲ್ಲಿ 90 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್ವಲ್ ಅಂತಾರೆ, ಆ ಇಡೀ ಪಟ್ಟಿ 80 ಮತ್ತು 125ರ ಒಳಗೇ ಕೂರಬೇಕು, ಒಂದು ತುದಿ ಆಚೆ ಹೋದ್ರೂ ಫೇಲು. ಹಾಗಾಗಿ ನಿಜವಾದ ಸರಾಸರಿ 85ರ ಹತ್ರ ಇರೋ ಮಾತ್ರೆ ಸಾಮಾನ್ಯವಾಗಿ ಪಾಸಾಗೋದು ಕಷ್ಟ, ಪಟ್ಟಿಯ ಕೆಳತುದಿ 80ರ ಕೆಳಗೆ ಜಾರ್ಬಿಡತ್ತೆ. ಪಾಸಾಗೋ ಮಾತ್ರೆಗಳು 100ರ ಸುತ್ತಮುತ್ತನೇ ಇರತ್ತೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1996ರಿಂದ 2007ರವರೆಗೆ ತಾನು ಒಪ್ಪಿದ ಜೆನೆರಿಕ್‌ಗಳ 2070 ಅಧ್ಯಯನಗಳನ್ನ ಒಟ್ಟಿಗೆ ಹಾಕಿ ನೋಡಿದಾಗ ಮೂಲ ಔಷಧಕ್ಕೂ ಜೆನೆರಿಕ್‌ಗೂ ಸರಾಸರಿ ವ್ಯತ್ಯಾಸ ಗರಿಷ್ಠ ಮಟ್ಟದಲ್ಲಿ 4.35 ಪರ್ಸೆಂಟು, ಒಟ್ಟು ಪ್ರಮಾಣದಲ್ಲಿ 3.56 ಪರ್ಸೆಂಟು ಬಂತು. ಅದು ಎಲ್ಲಾ ಥರದ ಔಷಧ ಸೇರಿಸಿದ ಲೆಕ್ಕ, ಎಚ್‌ಐವಿದು ಮಾತ್ರ ಅಲ್ಲ.

ಒಂದು ಪ್ರಾಮಾಣಿಕ ಆಕ್ಷೇಪ ಇಲ್ಲಿ ಉಳಿಯತ್ತೆ, ಅದನ್ನ ಮುಚ್ಚಿಡಬಾರದು. ಎ ಕಂಪನಿ ಮಾತ್ರೆಯನ್ನ ಮೂಲದ ಜೊತೆ ಹೋಲಿಸಿದ್ದಾರೆ, ಬಿ ಕಂಪನಿದನ್ನೂ ಮೂಲದ ಜೊತೆ ಹೋಲಿಸಿದ್ದಾರೆ, ಎ ಮತ್ತು ಬಿ ನಡುವೆ ನೇರ ಪರೀಕ್ಷೆ ಸಾಮಾನ್ಯವಾಗಿ ನಡೆದಿರಲ್ಲ. ನಿಮ್ಮ ಬದಲಾವಣೆ ಎ ಇಂದ ಬಿಗೆ. ಕಾಗದದ ಮೇಲೆ ಒಂದು ಸ್ವಲ್ಪ ಕೆಳಗೆ, ಇನ್ನೊಂದು ಸ್ವಲ್ಪ ಮೇಲೆ ಇದ್ದು ನಡುವಿನ ಅಂತರ ದೊಡ್ಡದಾಗ್ಬಹುದು. ಆದ್ರೆ ಎರಡೂ ಮೂಲದಿಂದ ಮೂರ್ನಾಲ್ಕು ಪರ್ಸೆಂಟ್ ಆಚೀಚೆ ಇರೋದೇ ಸಾಮಾನ್ಯ ಆಗಿರುವಾಗ ಆ ಅಂತರ ಎಷ್ಟು ಬೆಳೆಯೋಕೆ ಸಾಧ್ಯ? ಅದಕ್ಕಿಂತ ಮುಖ್ಯ, ಅಷ್ಟು ಅಂತರ ಈ ಔಷಧಗಳಿಗೆ ಲೆಕ್ಕಕ್ಕೇ ಬರತ್ತಾ ಅನ್ನೋದು.

ನನ್ನ ಮಟ್ಟಿಗೆ ಧೈರ್ಯ ಕೊಡೋ ಉತ್ತರ ಇರೋದೇ ಇಲ್ಲಿ. ಡೊಲುಟೆಗ್ರಾವಿರ್ ಡೋಸ್ ಗೊತ್ತು ಮಾಡೋಕೆ ಸ್ಪ್ರಿಂಗ್-1 ಅನ್ನೋ ಅಧ್ಯಯನದಲ್ಲಿ 10, 25, 50 ಮಿಲಿಗ್ರಾಂ ಮೂರನ್ನೂ ಕೊಟ್ಟು ನೋಡಿದ್ರು, ಮೂರೂ ಗುಂಪಲ್ಲಿ 48 ವಾರದ ಹೊತ್ತಿಗೆ ಹತ್ತತ್ರ 90 ಪರ್ಸೆಂಟ್ ಜನರ ವೈರಸ್ ಹತೋಟಿಗೆ ಬಂದಿತ್ತು. 50 ಆರಿಸ್ಕೊಂಡಿದ್ದು ಸುರಕ್ಷಿತ ಅಂತರ ಇರ್ಲಿ ಅಂತ. ಎಫಾವಿರೆಂಜ್‌ನಲ್ಲೂ ಎನ್ಕೋರ್-1 ಅಧ್ಯಯನ 400 ಮಿಲಿಗ್ರಾಂ 600ಕ್ಕಿಂತ ಏನೂ ಕಮ್ಮಿ ಇಲ್ಲ ಅಂತ 2014ರಲ್ಲಿ ಪ್ರಕಟವಾದ ವರದಿಯಲ್ಲಿ ತೋರಿಸ್ತು. ಔಷಧದಲ್ಲಿ ಮೂರನೇ ಒಂದು ಪಾಲು ಕಮ್ಮಿ ಮಾಡಿದ್ರೂ ವೈರಸ್ ತಲೆ ಎತ್ತಲಿಲ್ಲ ಅಂದ್ಮೇಲೆ ಕಂಪನಿ ಕಂಪನಿ ನಡುವಿನ ಚೂರುಪಾರು ವ್ಯತ್ಯಾಸಕ್ಕೆ ಎತ್ತತ್ತಾ? (ಇದನ್ನ ಓದಿ ಯಾರೂ ಮಾತ್ರೆ ಮುರಿದು ಅರ್ಧ ನುಂಗೋಕೆ ಹೋಗ್ಬೇಡಿ, ಆ ಅಂತರ ಇರೋದು ಇಂಥ ವ್ಯತ್ಯಾಸಗಳನ್ನ ತಡ್ಕೊಳ್ಳೋಕೇ.) ಇನ್ನು ಎಫಾವಿರೆಂಜ್ ಕರಗಿಸೋ ಲಿವರ್ ಎನ್ಜೈಮ್ ಒಬ್ಬೊಬ್ಬರ ಜೀನ್ ಪ್ರಕಾರ ಒಂದೊಂದು ವೇಗದಲ್ಲಿ ಕೆಲಸ ಮಾಡೋದ್ರಿಂದ ಒಂದೇ ಕಂಪನಿಯ ಒಂದೇ ಮಾತ್ರೆ ತಗೊಂಡ ಇಬ್ಬರ ರಕ್ತದಲ್ಲಿ ಮಟ್ಟ ಹಲವು ಪಟ್ಟು ಬೇರೆ ಇರ್ಬಹುದು. ಅಷ್ಟು ದೊಡ್ಡ ವ್ಯತ್ಯಾಸದ ಮುಂದೆ ಲೇಬಲ್ ಬದಲಾವಣೆ ಏನೂ ಅಲ್ಲ.

ಜೊತೆಗೆ ಈ ಔಷಧಗಳು ಮೈಯಲ್ಲಿ ನಿಧಾನಕ್ಕೆ ಕಮ್ಮಿ ಆಗೋವು. ಡೊಲುಟೆಗ್ರಾವಿರ್ ರಕ್ತದಲ್ಲಿ ಅರ್ಧ ಆಗೋಕೆ ಸುಮಾರು 14 ಗಂಟೆ, ಎಫಾವಿರೆಂಜ್‌ಗೆ 40 ಗಂಟೆ ಮೇಲೆ, ಟೆನೋಫೊವಿರ್ ಅಂತೂ ಜೀವಕೋಶದ ಒಳಗೆ ಹೋಗಿ ಕೆಲಸ ಮಾಡೋ ರೂಪದಲ್ಲಿ ದಿನಗಟ್ಟಲೆ ಕೂತಿರತ್ತೆ. ಇವತ್ತಿನ ಮಾತ್ರೆ ಅರ್ಧ ಗಂಟೆ ತಡವಾಗಿ ಕರಗಿದ್ರೆ ನಿನ್ನೆ ಮೊನ್ನೆಯ ಮಾತ್ರೆಗಳು ಅದನ್ನ ತುಂಬ್ಕೊಡತ್ತೆ.

ಹಾಗಂತ ಮಾತ್ರೆ ಮಾಡೋ ವಿಧಾನ ಮುಖ್ಯಾನೇ ಅಲ್ಲ ಅಂತ ನಾನು ಹೇಳ್ತಿಲ್ಲ. ರಿಟೊನಾವಿರ್ ಅನ್ನೋ ಎಚ್‌ಐವಿ ಔಷಧದ ಕಥೆ ಎಲ್ರೂ ತಿಳ್ಕೋಬೇಕಾದ್ದು. 1996ರಲ್ಲಿ ಅಬಾಟ್ ಕಂಪನಿ ನಾರ್ವಿರ್ ಅನ್ನೋ ಹೆಸರಲ್ಲಿ ಅದನ್ನ ಮಾರುಕಟ್ಟೆಗೆ ತಂತು. ಎರಡು ವರ್ಷ ಚೆನ್ನಾಗೇ ನಡೀತು, 1998ರಲ್ಲಿ ಇದ್ದಕ್ಕಿದ್ದಂಗೆ ಕ್ಯಾಪ್ಸೂಲ್‌ಗಳು ಕರಗೋ ಪರೀಕ್ಷೆಯಲ್ಲಿ ಫೇಲಾಗೋಕೆ ಶುರು ಆಯ್ತು. ಹುಡುಕಿದ್ರೆ, ಔಷಧದ ಅಣು ಅದೇ, ಆದ್ರೆ ಅದು ಹರಳುಗಟ್ಟೋ ರೀತಿ ಬದಲಾಗಿತ್ತು. ಹಿಂದೆ ಕಂಡಿರದ ಹೊಸ ಹರಳು ಮೊದಲಿನದಕ್ಕಿಂತ ತುಂಬಾ ಗಟ್ಟಿಮುಟ್ಟು, ಅದಕ್ಕೇ ಸುಲಭಕ್ಕೆ ಕರಗ್ತಿರಲಿಲ್ಲ. ಕ್ಯಾಪ್ಸೂಲ್ ವಾಪಸ್ ತಗೊಂಡ್ರು, ರೋಗಿಗಳು ಕೆಟ್ಟ ರುಚಿಯ ದ್ರವ ಔಷಧ ಕುಡೀಬೇಕಾಯ್ತು, 1999ರಲ್ಲಿ ಹೊಸ ರೂಪದ ಕ್ಯಾಪ್ಸೂಲ್ ಬರೋವರೆಗೂ ಅದೇ ಗತಿ. ಇದು ನಡೆದಿದ್ದು ಮೂಲ ಬ್ರ್ಯಾಂಡ್ ಔಷಧದಲ್ಲಿ ಅನ್ನೋದನ್ನ ಗಮನಿಸಿ. ಅಣು ಒಂದೇ ಆದ್ರೆ ಸಾಲದು, ಕರಗಬೇಕು, ರಕ್ತಕ್ಕೆ ಸೇರಬೇಕು, ಪ್ರತಿ ಬ್ಯಾಚ್‌ನಲ್ಲೂ ಹಾಗೇ ಇರಬೇಕು, ಇದನ್ನ ಯಾರಾದ್ರೂ ಕೂತು ಪರೀಕ್ಷೆ ಮಾಡ್ತಾನೇ ಇರಬೇಕು.

ಅದಕ್ಕೇ "ಸರಿಯಾಗಿ ಪರೀಕ್ಷೆ ಆಗಿರೋ ಕಂಪನಿ" ಅಂತ ಮೊದಲೇ ಷರತ್ತು ಹಾಕಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರೀಕ್ವಾಲಿಫಿಕೇಷನ್ ಕಾರ್ಯಕ್ರಮ 2001ರಲ್ಲಿ ಶುರು ಆಯ್ತು, ಅವರು ಕಾಗದಪತ್ರ ಓದಿ, ಫ್ಯಾಕ್ಟರಿಗೆ ಹೋಗಿ ನೋಡಿ ಪಟ್ಟಿಗೆ ಸೇರಿಸ್ತಾರೆ, ಪಟ್ಟಿ ಯಾರು ಬೇಕಾದ್ರೂ ಇಂಟರ್ನೆಟ್‌ನಲ್ಲಿ ನೋಡ್ಬಹುದು. ಅಮೆರಿಕದ ಎಫ್‌ಡಿಎ ಕೂಡ 2004ರಿಂದ ಬೇರೆ ದೇಶಗಳಿಗೆ ಹೋಗೋ ಎಚ್‌ಐವಿ ಜೆನೆರಿಕ್‌ಗಳಿಗೆ ಟೆಂಟೆಟಿವ್ ಅಪ್ರೂವಲ್ ಕೊಡತ್ತೆ, ಅಂದ್ರೆ ಗುಣಮಟ್ಟದಲ್ಲಿ ಪಾಸು, ಪೇಟೆಂಟ್ ಕಾರಣಕ್ಕೆ ಅಮೆರಿಕದೊಳಗೆ ಮಾರೋಕಾಗಲ್ಲ ಅಷ್ಟೇ. ಈ ವ್ಯವಸ್ಥೆ ಎಡವಿದ್ದೇ ಇಲ್ಲ ಅಂತಲ್ಲ, ಬಯೋಈಕ್ವಿವಲೆನ್ಸ್ ಮಾಡಿಕೊಟ್ಟ ಗುತ್ತಿಗೆ ಲ್ಯಾಬ್‌ಗಳ ದಾಖಲೆ ಸರಿ ಇಲ್ಲ ಅಂತ ಗೊತ್ತಾದಾಗ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೆಲವು ಎಚ್‌ಐವಿ ಜೆನೆರಿಕ್‌ಗಳನ್ನ ಪಟ್ಟಿಯಿಂದ ತೆಗೆದು ಹಾಕ್ತು, ಅದ್ರಲ್ಲಿ ಕೆಲವು ಹೊಸದಾಗಿ ಪರೀಕ್ಷೆ ಮಾಡಿಸ್ಕೊಂಡು ವಾಪಸ್ ಬಂದ್ವು. 2007ರಲ್ಲಿ ರೋಶ್ ಕಂಪನಿಯ ಮೂಲ ಬ್ರ್ಯಾಂಡ್ ಎಚ್‌ಐವಿ ಔಷಧ ವಿರಾಸೆಪ್ಟ್‌ನಲ್ಲಿ ಬೇಡದ ರಾಸಾಯನಿಕ ಸೇರ್ಕೊಂಡಿದ್ದಕ್ಕೆ ಅದನ್ನೂ ಮಾರುಕಟ್ಟೆಯಿಂದ ವಾಪಸ್ ತಗೊಂಡ್ರು. 2021ರಲ್ಲಿ ಅಮೆರಿಕದಲ್ಲೇ ಗಿಲಿಯಡ್‌ನ ಎಚ್‌ಐವಿ ಮಾತ್ರೆಗಳಾದ ಬಿಕ್ಟಾರ್ವಿ, ಡೆಸ್ಕೋವಿ ಹೆಸರಿನ ನಕಲಿ ಬಾಟಲಿಗಳು ಓಡಾಡ್ತಿವೆ ಅಂತ ಆ ಕಂಪನಿನೇ ಎಚ್ಚರಿಕೆ ಕೊಡ್ತು. ಹಾಗಾಗಿ ಬ್ರ್ಯಾಂಡ್ ಅಂದ್ರೆ ಭದ್ರ, ಜೆನೆರಿಕ್ ಅಂದ್ರೆ ಅನುಮಾನ ಅನ್ನೋ ಗೆರೆ ಎಳೆಯೋಕಾಗಲ್ಲ. ಗೊತ್ತಿರೋ ಕ್ಲಿನಿಕ್ಕು, ಲೈಸೆನ್ಸ್ ಇರೋ ಫಾರ್ಮಸಿ, ಒಡೆಯದ ಸೀಲು, ಡಬ್ಬಿ ಮೇಲೂ ಬಾಟಲಿ ಮೇಲೂ ಒಂದೇ ಬ್ಯಾಚ್ ನಂಬರ್ರು, ಒಂದೇ ಬಾಟಲಿಯೊಳಗೆ ಎಲ್ಲಾ ಮಾತ್ರೆ ಒಂದೇ ಥರ ಇರೋದು, ಈ ಗೆರೆ ನಂಬಬಹುದಾದ್ದು.

ಇನ್ನು ನಿಜವಾಗಿ ಎಚ್ಚರ ಇರಬೇಕಾದ ಜಾಗ. ಕಂಪನಿ ಬದಲಾವಣೆ ಥರಾನೇ ಕಾಣೋ, ಆದ್ರೆ ಔಷಧಾನೇ ಬದಲಾಗಿರೋ ಸಂದರ್ಭಗಳಿವೆ. ಟೆನೋಫೊವಿರ್ ಡಿಸೊಪ್ರಾಕ್ಸಿಲ್ ಬೇರೆ, ಟೆನೋಫೊವಿರ್ ಅಲಾಫೆನಮೈಡ್ ಬೇರೆ, ಅಲಾಫೆನಮೈಡ್ 25 ಅಥವಾ 10 ಮಿಲಿಗ್ರಾಂ ಇರತ್ತೆ, ಕಿಡ್ನಿ ಮತ್ತು ಮೂಳೆ ಮೇಲಿನ ಪರಿಣಾಮ ಬೇರೆ, ಟಿಬಿಗೆ ಕೊಡೋ ರಿಫಾಂಪಿಸಿನ್ ಜೊತೆ ನಡೆಯೋ ರೀತಿನೂ ಬೇರೆ. ಟಿಎಲ್‌ಇ, ಟಿಎಲ್‌ಡಿ ಅನ್ನೋ ಹೆಸರುಗಳಲ್ಲಿ ಒಂದಕ್ಷರ ವ್ಯತ್ಯಾಸ, ಒಳಗಿನ ಮೂರನೇ ಔಷಧ ಪೂರ್ತಿ ಬೇರೆ, ಎಫಾವಿರೆಂಜ್ ಖಾಲಿ ಹೊಟ್ಟೆಯಲ್ಲಿ ಮಲಗೋ ಮುಂಚೆ ತಗೋಳ್ಳೋದು, ಡೊಲುಟೆಗ್ರಾವಿರ್ ಯಾವಾಗ ಬೇಕಾದ್ರೂ ತಗೋಬಹುದು. ಲ್ಯಾಮಿವುಡಿನ್ ಬದಲು ಎಮ್ಟ್ರಿಸಿಟಬಿನ್ ಬಂದ್ರೆ ಅದು ಹತ್ತಿರದ ಸಂಬಂಧಿ, ವಿಶ್ವ ಆರೋಗ್ಯ ಸಂಸ್ಥೆ ಇವೆರಡನ್ನ ಒಂದರ ಬದಲು ಒಂದು ಕೊಡಬಹುದು ಅನ್ನತ್ತೆ, ಆದ್ರೂ ಅದು ಬೇರೆ ಔಷಧ, ಡಾಕ್ಟರಿಗೆ ಗೊತ್ತಿದ್ದು ಆಗ್ಬೇಕು.

ಅಬಾಕವಿರ್ ವಿಷ್ಯ ಒತ್ತಿ ಹೇಳ್ತೀನಿ. ಅಬಾಕವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿಸಿರೋ ಮಾತ್ರೆಗಳೂ ಇವೆ, ಮೂರರಲ್ಲಿ ಎರಡು ಹೆಸರು ಟಿಎಲ್‌ಡಿ ಥರಾನೇ ಇರೋದ್ರಿಂದ ಕಣ್ತಪ್ಪೋದು ಸುಲಭ. ಎಚ್‌ಎಲ್‌ಎ-ಬಿ 57:01 ಅನ್ನೋ ಜೀನ್ ಇರೋರಿಗೆ ಅಬಾಕವಿರ್ ಜೀವಕ್ಕೇ ಅಪಾಯ ಮಾಡೋ ಅಲರ್ಜಿ ತರಬಹುದು, ಒಂದ್ಸಲ ಆ ಅಲರ್ಜಿ ಆದವರು ಯಾವ ಹೆಸರಲ್ಲೂ, ಯಾವ ಕಂಪನಿದೂ ಮತ್ತೆ ಮುಟ್ಟಬಾರದು. ಇನ್ನೊಂದು ಕಡೆ ಹೆಪಟೈಟಿಸ್ ಬಿ (ಲಿವರ್‌ಗೆ ತಗಲೋ ಇನ್ನೊಂದು ವೈರಸ್) ಇರೋರಿಗೆ ಟೆನೋಫೊವಿರ್ ಎರಡು ಕೆಲಸ ಮಾಡ್ತಿರತ್ತೆ, ಎಚ್‌ಐವಿಯನ್ನೂ ತಡೆಯತ್ತೆ, ಆ ವೈರಸ್ಸನ್ನೂ ತಡೆಯತ್ತೆ. ಹೊಸ ಕಾಂಬಿನೇಷನ್‌ನಲ್ಲಿ ಟೆನೋಫೊವಿರ್ ಇಲ್ಲದೇ ಹೋದ್ರೆ ಲಿವರ್ ಇದ್ದಕ್ಕಿದ್ದಂಗೆ ಜೋರಾಗಿ ಊದಿಕೊಳ್ಳಬಹುದು. ನಿಮಗೆ ಹೆಪಟೈಟಿಸ್ ಬಿ ಇದೆಯಾ ಇಲ್ವಾ ಅಂತ ನಿಮಗೇ ಗೊತ್ತಿರಬೇಕು, ಗೊತ್ತಿಲ್ಲ ಅಂದ್ರೆ ಮುಂದಿನ ಸಲ ಹೋದಾಗ ಕೇಳಿ.

ಮಕ್ಕಳ ಮಾತ್ರೆಗಳಲ್ಲಿ ಮಿಲಿಗ್ರಾಂ ಹೋಲಿಸೋ ಉಪಾಯನೂ ಕೈಕೊಡತ್ತೆ. ನೀರಲ್ಲಿ ಕರಗಿಸಿ ಕೊಡೋ ಡೊಲುಟೆಗ್ರಾವಿರ್ ದೇಹಕ್ಕೆ ಹೆಚ್ಚು ಸೇರತ್ತೆ, ಅದ್ರ 30 ಮಿಲಿಗ್ರಾಂ ದೊಡ್ಡವರ ಕೋಟಿಂಗ್ ಇರೋ 50 ಮಿಲಿಗ್ರಾಂಗೆ ಹೆಚ್ಚುಕಮ್ಮಿ ಸಮ. 10 ಮಿಲಿಗ್ರಾಂದು ಐದು ಮಾತ್ರೆ ಕೊಟ್ರೆ 50 ಆಯ್ತಲ್ಲ ಅಂತ ಮನೇಲಿ ಕೂತು ಲೆಕ್ಕ ಹಾಕೋ ಹಾಗಿಲ್ಲ. ಮಗುವಿನ ಮಾತ್ರೆಯ ರೂಪ ಬದಲಾದ್ರೆ ಡೋಸ್ ಡಾಕ್ಟರೇ ಬರೆದು ಕೊಡಬೇಕು.

ಬದಲಾಯಿಸೋ ವಿಧಾನ ಸರಳ. ಔಷಧ ಅದೇ ಅಂತ ಖಾತ್ರಿ ಆದ್ಮೇಲೆ ಹಳೇ ಬಾಟಲಿಯ ಕೊನೇ ಮಾತ್ರೆ ಇವತ್ತು, ಹೊಸ ಬಾಟಲಿಯ ಮೊದಲ ಮಾತ್ರೆ ನಾಳೆ ಅದೇ ಹೊತ್ತಿಗೆ. ನಡುವೆ ಮೈ "ಖಾಲಿ" ಆಗ್ಲಿ ಅಂತ ಬಿಡೋದು ಬೇಡ, ಎರಡೂ ಸೇರಿಸಿ ನುಂಗೋದೂ ಬೇಡ. ಎರಡು ಬಾಟಲಿ ಮನೇಲಿ ಒಟ್ಟಿಗೆ ಇರುವಾಗ, ಅದ್ರಲ್ಲೂ ಹೆಸರು ಬೇರೆ ಇರುವಾಗ, ಇವು ಎರಡು ಬೇರೆ ಔಷಧ ಅಂದ್ಕೊಂಡು ದಿನಾ ಎರಡೂ ನುಂಗೋರು ಇರ್ತಾರೆ, ವಯಸ್ಸಾದವರಿಗೆ, ಓದೋಕೆ ಬರದವರಿಗೆ ಜೊತೆಯಲ್ಲಿರೋರು ಇದನ್ನ ಕೂತು ಬಿಡಿಸಿ ಹೇಳ್ಲೇಬೇಕು. ಹಳೇದು ಮುಗಿಯೋವರೆಗೂ ಹೊಸದ್ರ ಸೀಲ್ ಒಡೀಬೇಡಿ. ಟೆನೋಫೊವಿರ್‌ಗೆ ತೇವ ಆಗಲ್ಲ, ಬಾಟಲಿಯೊಳಗಿನ ತೇವ ಹೀರೋ ಪುಡಿಯ ಚೀಲ ಅದಕ್ಕೇ ಇರೋದು, ಅದನ್ನ ಬಿಸಾಕಬೇಡಿ. ಬಾಟಲಿ ಗುರುತು ಸಿಗಬಾರದು ಅಂತ ಮಾತ್ರೆಗಳನ್ನ ಕಾಗದದಲ್ಲಿ ಸುತ್ತಿಡೋರ ಕಷ್ಟ ನನಗೆ ಅರ್ಥ ಆಗತ್ತೆ, ಅಂಥವರು ಬಾಟಲಿ ಮೇಲಿನ ಲೇಬಲ್‌ನ ಫೋಟೋ ತೆಗೆದಿಟ್ಕೊಂಡು ಆಮೇಲೆ ಲೇಬಲ್ ಕಿತ್ತರೂ ಪರವಾಗಿಲ್ಲ, ಮಾತ್ರೆ ಮಾತ್ರ ಅದೇ ಬಾಟಲಿಯಲ್ಲಿರಲಿ.

ಬಿಟ್ಟ ದಿನಗಳು ಯಾಕೆ ಅಷ್ಟು ಕೆಟ್ಟದು ಅಂದ್ರೆ, ಮೂರು ಔಷಧಗಳು ಒಂದೇ ವೇಗದಲ್ಲಿ ಮೈಯಿಂದ ಹೋಗಲ್ಲ. ಎಫಾವಿರೆಂಜ್ ಇರೋ ಕಾಂಬಿನೇಷನ್ ಸುಮ್ನೆ ನಿಲ್ಲಿಸಿದ್ರೆ ಲ್ಯಾಮಿವುಡಿನ್ ಬೇಗ ಕಮ್ಮಿ ಆಗಿ ಎಫಾವಿರೆಂಜ್ ಬಹಳ ದಿನ ಉಳ್ಕೊಳ್ಳತ್ತೆ. ಆಗ ವೈರಸ್ಸಿಗೆ ಎದುರು ನಿಂತಿರೋದು ಹೆಚ್ಚುಕಮ್ಮಿ ಒಂದೇ ಔಷಧ, ಅದನ್ನ ಸೋಲಿಸೋಕೆ ವೈರಸ್ಸಿಗೆ ಒಂದೇ ಒಂದು ಬದಲಾವಣೆ ಸಾಕು. ಡೊಲುಟೆಗ್ರಾವಿರ್ ಈ ವಿಷ್ಯದಲ್ಲಿ ಬಹಳ ಗಟ್ಟಿ, ಅದಕ್ಕೆ ರೆಸಿಸ್ಟೆನ್ಸ್ ಅಷ್ಟು ಸುಲಭಕ್ಕೆ ಬರಲ್ಲ, ಆದ್ರೂ ಪದೇ ಪದೇ ಬಿಟ್ರೆ ಅದೂ ಉಳಿಯಲ್ಲ. ಬೇರೆ ಕಂಪನಿ ಮಾತ್ರೆ ಅನುಮಾನ ತಂದ್ರೆ ಫೋನ್ ಮಾಡಿ ಕೇಳಿ, ಉತ್ತರ ಬರೋವರೆಗೆ ಕಾಯೋ ಹೊತ್ತಲ್ಲಿ ಹಳೇ ಬಾಟಲಿಯಲ್ಲಿ ಮಾತ್ರೆ ಉಳಿದಿದ್ರೆ ಅದನ್ನೇ ತಗೊಳ್ತಿರಿ. ಅದಕ್ಕೇ ಕೊನೇ ಮಾತ್ರೆವರೆಗೂ ಕಾಯದೇ ಮುಂಚೆನೇ ಹೋಗಿ ಔಷಧ ತಗೊಂಡು ಬರೋದು ಒಳ್ಳೇದು.

ಹೊಸ ಮಾತ್ರೆ ಶುರು ಮಾಡಿದ ವಾರದಲ್ಲಿ ತಲೆನೋವು, ಹೊಟ್ಟೆ ತೊಳೆಸೋದು, ನಿದ್ದೆ ಬರದೇ ಇರೋದು ಕಾಣಿಸ್ಕೊಂಡ್ರೆ ಅದು ಸುಳ್ಳು ಅಂತ ಯಾರೂ ಹೇಳಬಾರದು. ಮನಸ್ಸಿನಲ್ಲಿ ಕೆಟ್ಟದಾಗತ್ತೆ ಅನ್ನೋ ನಿರೀಕ್ಷೆ ಇದ್ರೆ ಮೈ ನಿಜವಾಗಿಯೂ ಹಾಗೆ ವರ್ತಿಸತ್ತೆ, ನೊಸಿಬೊ ಅಂತಾರೆ ಇದನ್ನ, ನೋವು ಅನುಭವಿಸೋರಿಗೆ ಅದು ನಿಜವಾದ ನೋವೇ. ಹೆಚ್ಚಿನ ಸಲ ಕೆಲವು ದಿನಗಳಲ್ಲಿ ಇಳಿಯತ್ತೆ. ಇಳಿಯದಿದ್ರೆ, ಮಾತ್ರೆ ನುಂಗೋಕೇ ಆಗ್ತಿಲ್ಲ ಅಂದ್ರೆ, ನಾಚ್ಕೊಳ್ಳದೇ ಹೇಳಿ, ಬೇರೆ ಕಂಪನಿದು ಸಿಗತ್ತಾ ಕೇಳಿ, ಅದು ನಿಮ್ಮ ಹಕ್ಕು. ಮೈಮೇಲೆ ಗಂಧೆ ಎದ್ದು ಜೊತೆಗೆ ಜ್ವರ, ಬಾಯಲ್ಲಿ ಹುಣ್ಣು, ಮುಖ ಊದೋದು, ಉಸಿರಾಟ ಕಷ್ಟ ಆಗೋದು ಇದ್ರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ಬಾಟಲಿ ಜೊತೆಗೇ ತಗೊಂಡು ಹೋಗಿ.

ವೈರಲ್ ಲೋಡ್ ಟೆಸ್ಟ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡೋದು) ಬೇಗ ಮಾಡಿಸ್ಬೇಕಾ ಅಂತ ಕೇಳ್ತಾರೆ. ಅದೇ ಔಷಧ ಅದೇ ಪ್ರಮಾಣ ಅಂದ್ರೆ ಬೇಡ, ವಾಡಿಕೆ ಪ್ರಕಾರ ಮಾಡೋ ಟೆಸ್ಟೇ ಸಾಕು. ಔಷಧಾನೇ ಬದಲಾಗಿದ್ರೆ ಒಂದೆರಡು ತಿಂಗಳಲ್ಲಿ ನೋಡೋದು ಸೂಕ್ತ. ಬದಲಾಯಿಸಿದ ಮೇಲಿನ ಟೆಸ್ಟ್‌ನಲ್ಲಿ 50ರ ಕೆಳಗಿದ್ದದ್ದು 90 ಅಂತಲೋ 120 ಅಂತಲೋ ಬಂದ್ರೆ ತಕ್ಷಣ ಕಂಪನಿ ಮೇಲೆ ತಪ್ಪು ಹೊರಿಸಬೇಡಿ. ಇಂಥ ಚಿಕ್ಕ ಏರಿಕೆ ಒಂದೇ ಮಾತ್ರೆ ತಗೊಳ್ತಿರೋರಲ್ಲೂ ಆಗಾಗ ಬಂದು ಹೋಗತ್ತೆ, ಮತ್ತೆ ಟೆಸ್ಟ್ ಮಾಡಿದಾಗ ಸಾಮಾನ್ಯವಾಗಿ ಇಳಿದಿರತ್ತೆ. ಮತ್ತೆ ಮತ್ತೆ ಏರ್ತಾನೇ ಇದ್ರೆ ಮೊದಲು ಕೇಳ್ಕೋಬೇಕಾದ್ದು ಡೋಸ್ ತಪ್ಪಿದೆಯಾ ಅಂತ, ಎರಡನೇದು ಜೊತೆಗೆ ಬೇರೆ ಏನಾದ್ರೂ ಶುರು ಮಾಡಿದ್ದೀನಾ ಅಂತ. ಕ್ಯಾಲ್ಷಿಯಂ, ಐರನ್ ಮಾತ್ರೆ, ಮೆಗ್ನೀಷಿಯಂ ಅಥವಾ ಅಲ್ಯುಮಿನಿಯಂ ಇರೋ ಆ್ಯಂಟಾಸಿಡ್ ಇವೆಲ್ಲಾ ಡೊಲುಟೆಗ್ರಾವಿರ್‌ಗೆ ಅಂಟ್ಕೊಂಡು ಅದು ರಕ್ತಕ್ಕೆ ಸೇರದ ಹಾಗೆ ಮಾಡತ್ತೆ, ಅವನ್ನ ತಗೋಳ್ಳೋಕೆ 2 ಗಂಟೆ ಮುಂಚೆ ಅಥವಾ ತಗೊಂಡ 6 ಗಂಟೆ ಮೇಲೆ ಡೊಲುಟೆಗ್ರಾವಿರ್ ನುಂಗಬೇಕು, ಕ್ಯಾಲ್ಷಿಯಂ ಐರನ್ ಆದ್ರೆ ಊಟದ ಜೊತೆ ಒಟ್ಟಿಗೇ ನುಂಗಬಹುದು. ರಿಫಾಂಪಿಸಿನ್ ನಡೀತಿದ್ರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕು. ಇವು ಯಾವ ಕಂಪನಿ ಮಾತ್ರೆಗಾದ್ರೂ ಒಂದೇ, ಮತ್ತೆ ಎರಡು ಜೆನೆರಿಕ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಇವು ಮಾಡೋ ಹಾನಿ ಎಷ್ಟೋ ಪಾಲು ದೊಡ್ಡದು.

ಇಷ್ಟೆಲ್ಲಾ ನೋಡಿದ ಮೇಲೂ ಮಾತ್ರೆನೇ ಸರಿ ಇಲ್ಲ ಅನ್ನೋ ಅನುಮಾನ ಉಳಿದ್ರೆ, ಪುಡಿಯಾಗ್ತಿದೆ, ಬಣ್ಣ ಬಿಡ್ತಿದೆ, ವಾಸನೆ ಬರ್ತಿದೆ, ಒಂದೇ ಬಾಟಲಿ ತಗೊಂಡ ಹಲವರಿಗೆ ಒಂದೇ ಥರ ತೊಂದರೆ ಆಗಿದೆ ಅಂದ್ರೆ, ಬಾಟಲಿ ಬಿಸಾಕದೇ ಕೊಟ್ಟ ಕಡೆಗೇ ತಗೊಂಡು ಹೋಗಿ ಲಿಖಿತವಾಗಿ ದೂರು ಕೊಡಿ. ದೂರಿನಲ್ಲಿ ಕಂಪನಿ ಹೆಸರಿನ ಜೊತೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖು, ಯಾವತ್ತಿಂದ ತಗೊಳ್ತಿದ್ದೀರ ಅನ್ನೋದು ಇರಲೇಬೇಕು, ಬ್ಯಾಚ್ ನಂಬರ್ ಇಲ್ಲದ ದೂರನ್ನ ಹಿಡ್ಕೊಂಡು ಲ್ಯಾಬ್‌ನವರು ಯಾವ ಮಾತ್ರೆ ಪರೀಕ್ಷೆ ಮಾಡ್ಬೇಕು ಅಂತ ಹುಡುಕೋಕಾಗಲ್ಲ. ಬದಲಿ ಬಾಟಲಿ ಅವತ್ತೇ ಕೈಗೆ ಸಿಗೋ ಹಾಗೆ ಕೇಳಿ ತಗೊಳ್ಳಿ, ರಾತ್ರಿ ಡೋಸ್ ಹೊತ್ತಿಗೆ ಮಾತ್ರೆ ಇರಬೇಕಲ್ಲ.